ಟೇಬಲ್ ಮೇಲೆ ಉಳಿದ ಚಿಟ್ಟೆಗಳು

ಬರ್ತ್‌ಡೇ ಪಾರ್ಟಿ ಮುಗಿದ ಮೇಲೆ ಹಾಲ್‌ನಲ್ಲಿ ಏನೇನು ಉಳಿದಿದೆ ಅಂತ ನೋಡುವ ಚಟ ನನಗೆ. ಅರ್ಧ ತಿಂದ ಕೇಕು, ಬಲೂನಿನ ಚೂರು, ಯಾರದೋ ಒಂಟಿ ಸಾಕ್ಸು. ಇವೆಲ್ಲ ಇರುವಂಥವೇ. ನನಗೆ ತಲೆ ತಿನ್ನುವುದು ಕ್ರಾಫ್ಟ್ ಟೇಬಲ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ಆರೇಳು ವರ್ಷದ ಹುಡುಗಿಯರ ಪಾರ್ಟಿ ಅಂದರೆ ಮುಕ್ಕಾಲು ಪಾಲು ಚಿಟ್ಟೆ ಥೀಮೇ. ಕೇಕಿನ ಮೇಲೆ ಚಿಟ್ಟೆ, ಗೋಡೆಗೆ ಚಿಟ್ಟೆ, ಬಂದ ಮಕ್ಕಳ ಬೆನ್ನಿಗೆಲ್ಲ ನೆಟ್ ಬಟ್ಟೆಯ ರೆಕ್ಕೆ. ಒಂದು ಮೂಲೆಯಲ್ಲಿ ಚಿಟ್ಟೆ ಮಾಡುವ ಟೇಬಲ್. ಮಕ್ಕಳು ಅಲ್ಲಿ ಅರ್ಧ ಗಂಟೆ ಕೂತು ಚಿಟ್ಟೆ ಮಾಡುತ್ತಾರೆ. ಆಮೇಲೆ ರಿಟರ್ನ್ ಗಿಫ್ಟ್ ಚೀಲ ಭದ್ರವಾಗಿ ಹಿಡಿದುಕೊಂಡು ಹೋಗುತ್ತಾರೆ. ಮಾಡಿದ ಚಿಟ್ಟೆ ಅಲ್ಲೇ ಉಳಿಯುತ್ತದೆ. ರಾತ್ರಿ ಹೌಸ್‌ಕೀಪಿಂಗ್‌ನವರು ಬಂದು ಟೇಬಲ್ ಶೀಟಿನ ಸಮೇತ ಮುದುರಿ ಕಪ್ಪು ಚೀಲಕ್ಕೆ ಹಾಕುತ್ತಾರೆ.

ನಾನು ಮೈಸೂರು ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಮಾಡಿ ನಿವೃತ್ತಿಯಾದವಳು. ಈಗ ಬೆಂಗಳೂರಿನಲ್ಲಿ ಮಗಳ ಮನೆ. 'ಆಂಟಿ, ಕ್ರಾಫ್ಟ್ ಕಾರ್ನರ್ ನೀವೇ ನೋಡ್ಕೊಳ್ಳಿ' ಅನ್ನುವ ಮಾತು ನನ್ನ ಪಾಲಿಗೆ ಬಂದಿದ್ದು ಹಾಗೆ. ಖುಷಿಯಿಂದಲೇ ಹೋಗುತ್ತೇನೆ. ಸುಮ್ನೆ ಕೂತು ಏನು ಮಾಡಲಿ? ಆದರೆ ಆ ಉಳಿದ ಚಿಟ್ಟೆಗಳು ಮಾತ್ರ ಮನೆಗೆ ಬಂದ ಮೇಲೂ ಕಾಡುತ್ತವೆ. ನನ್ನ ಶಾಲೆಯಲ್ಲಿ ಮಕ್ಕಳು ಮಾಡಿದ್ದನ್ನು ಬಿಟ್ಟು ಹೋದದ್ದು ನೆನಪಿಲ್ಲ. ಬದಲಿಗೆ, ನಲಿಕಲಿ (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಕೋಣೆಯಲ್ಲಿ ಮಕ್ಕಳು ಮಾಡಿದ್ದನ್ನು ನೇತುಹಾಕಲು ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ತೂಗುಹಾಕಿದ್ದನ್ನೇ ಕಿತ್ತುಕೊಂಡು ಮನೆಗೆ ಒಯ್ದು, ಮಾರನೇ ದಿನ ಅವರಮ್ಮನ ಕೈಲಿ ಬೈಸಿಕೊಂಡು ವಾಪಸ್ ತಂದವರಿದ್ದರು.

ಹಳ್ಳಿ ಮಕ್ಕಳು ಒಳ್ಳೆಯವರು, ಸಿಟಿ ಮಕ್ಕಳಿಗೆ ಎಲ್ಲ ಜಾಸ್ತಿಯಾಗಿದೆ ಅಂತ ಇದಕ್ಕೆ ಸುಲಭದ ಉತ್ತರ ಕೊಟ್ಟುಬಿಡಬಹುದು. ನಾನು ಅದನ್ನು ಒಪ್ಪುವುದಿಲ್ಲ. ಮಕ್ಕಳು ಎಲ್ಲ ಕಡೆ ಮಕ್ಕಳೇ. ವ್ಯತ್ಯಾಸ ಇರುವುದು ಟೇಬಲ್ ಮೇಲೆ ನಾವು ಏನಿಡುತ್ತೇವೆ ಅನ್ನುವುದರಲ್ಲಿ.

ಆನ್‌ಲೈನ್‌ನಲ್ಲಿ ಬರುವ ಚಿಟ್ಟೆ ಕಿಟ್ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಫೋಮ್ ಶೀಟಿನಲ್ಲಿ ರೆಕ್ಕೆ ಮೊದಲೇ ಕತ್ತರಿಸಿರುತ್ತದೆ. ಬಣ್ಣವೂ ಅದರಲ್ಲೇ ಬಂದಿರುತ್ತದೆ. ಹರಳು, ಹೃದಯ, ಚುಕ್ಕಿ ಎಲ್ಲಕ್ಕೂ ಹಿಂದೆ ಅಂಟು. ಮಗು ಮಾಡಬೇಕಾದ ಕೆಲಸ ಒಂದೇ, ಹಿಂದಿನ ತೆಳು ಕಾಗದ ಸುಲಿಯುವುದು. ಆ ಕಾಗದವೋ ಸಣ್ಣ ಉಗುರಿಗೆ ಸಿಗುವುದೇ ಇಲ್ಲ. ಹಾಗಾಗಿ ಅಮ್ಮಂದಿರು ಸಾಲಾಗಿ ನಿಂತು ಸುಲಿದು ಕೊಡುತ್ತಾರೆ, ಮಗು ಅಂಟಿಸುತ್ತದೆ. ಸ್ವಲ್ಪ ಸೊಟ್ಟಗಾದರೆ ಅಮ್ಮನೇ ಕಿತ್ತು ನೆಟ್ಟಗೆ ಮಾಡುತ್ತಾಳೆ, ಫೋಟೋ ಬರಬೇಕಲ್ಲ. ಕೊನೆಗೆ ಎಲ್ಲರ ಚಿಟ್ಟೆಯೂ ಒಂದೇ. ಅದರಲ್ಲಿ ತನ್ನದು ಯಾವುದು ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗದ ಮೇಲೆ ಒಯ್ಯುವುದಾದರೂ ಯಾಕೆ?

ಮಡಿಕೆಯ ಪಕ್ಕ ಒಂದು 3

ಕಾಗದದ ಚಿಟ್ಟೆ ಕತ್ತರಿಸಲು ನಾನು ಹೇಳಿಕೊಡುವುದು ಟೀಚರುಗಳೆಲ್ಲ ಬಲ್ಲ ಹಳೇ ಉಪಾಯ. ಹಾಳೆಯನ್ನು ಮಧ್ಯಕ್ಕೆ ಮಡಿಚಬೇಕು. ಮಡಿಚಿದ ಅಂಚು ಎಡಗಡೆ ಇರಲಿ. ಆ ಅಂಚಿನಿಂದ ಶುರುವಾಗಿ ಆ ಅಂಚಿಗೇ ಬಂದು ಸೇರುವ ಹಾಗೆ ದೊಡ್ಡದೊಂದು 3 ಬರೆಯಬೇಕು. ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಚಿಟ್ಟೆ. ಒಂದನೇ ಕ್ಲಾಸಿನ ಮಗುವಿಗೆ ಚಿಟ್ಟೆ ಬರೆ ಅಂದರೆ 'ನಂಗೆ ಬರಲ್ಲ' ಅನ್ನುತ್ತದೆ. 3 ಬರೆ ಅಂದರೆ ಬರೆದೇ ಬರೆಯುತ್ತದೆ. ಕತ್ತರಿ ಹಿಡಿದಾಗ ಒಂದೇ ಮಾತು ಹೇಳಬೇಕು, 'ಕತ್ತರಿ ತಿರುಗಿಸಬೇಡ, ಕಾಗದ ತಿರುಗಿಸು.' ಡೊಂಕು ಗೆರೆ ಬಂದಾಗ ಮಕ್ಕಳು ಮೊಣಕೈ ಎತ್ತಿ, ಮೈಯೆಲ್ಲ ಬಾಗಿಸಿ ಕತ್ತರಿಯನ್ನೇ ತಿರುಗಿಸಲು ಹೋಗುತ್ತಾರೆ. ಎಡಗೈ ಮಕ್ಕಳಿಗೆ ಮಡಿಚಿದ ಅಂಚನ್ನು ಬಲಗಡೆ ಇಟ್ಟು 3 ಅನ್ನು ತಿರುಗಿಸಿ ನಾವೇ ಬರೆದುಕೊಟ್ಟರೆ ಒಳ್ಳೆಯದು. ಅವರಿಗೆ ಸಾಧಾರಣ ಕತ್ತರಿಯೇ ಒಂದು ಶಿಕ್ಷೆ.

ಕಳೆದ ವರ್ಷದ ಒಂದು ಪಾರ್ಟಿಯಲ್ಲಿ ಒಬ್ಬ ಹುಡುಗ, ಆರು ವರ್ಷದವನಿರಬೇಕು, ಅಕ್ಕನ ಜೊತೆ ಬಂದಿದ್ದ. 3 ಚೆನ್ನಾಗಿ ಬರೆದ. ಕತ್ತರಿಸುವಾಗ ಮಾತ್ರ ಗೆರೆಯ ಜೊತೆಗೆ ಮಡಿಕೆಯನ್ನೂ ಉದ್ದಕ್ಕೆ ಕತ್ತರಿಸಿಬಿಟ್ಟ. ಬಿಡಿಸಿದರೆ ಎರಡು ತುಂಡು. ಅಕ್ಕ ಕಿಸಕ್ಕನೆ ನಕ್ಕು 'ನಿಂದು ಹರಿದೋಯ್ತು' ಅಂದಳು. ಅವನಮ್ಮ ಹೊಸ ಹಾಳೆ ತೆಗೆಯಲು ಎದ್ದರು. ಒಂದು ನಿಮಿಷ ಇರಿ ಅಂದೆ. ಹುಡುಗ ಎರಡು ತುಂಡನ್ನೂ ಕೈಯಲ್ಲಿ ಹಿಡಿದು, ಬೀಸಿ ಬೀಸಿ ನೋಡುತ್ತಿದ್ದ. ಮಡಿಚಿದ ಹಾಳೆಯ ಚಿಟ್ಟೆ ಹಾಗೆ ರೆಕ್ಕೆ ಬಡಿಯುವುದಿಲ್ಲ. ಅದು ಅವನಿಗೆ ಹೊಳೆದಿತ್ತು. ನಾನು ಪೊರಕೆಯಿಂದ ಮುರಿದು ತಂದಿದ್ದ ತೆಂಗಿನ ಕಡ್ಡಿ ಮುಂದಿಟ್ಟೆ. ಕಡ್ಡಿಯ ಆ ಕಡೆ ಒಂದು, ಈ ಕಡೆ ಒಂದು ಅಂಟಿಸಿದ. ಚಿಟ್ಟೆಗೆ ರೆಕ್ಕೆ ಎಷ್ಟು ಅಂತ ಕೇಳಿದೆ. ಎರಡು ಅಂದ. ಅಕ್ಕ ನಾಲ್ಕು ಅಂದಳು. ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಮುಂದಿನ ಜೋಡಿ, ಹಿಂದಿನ ಜೋಡಿ. ನಾಲ್ಕೂ ಸೇರುವುದು ಎದೆಗೆ, ಹೊಟ್ಟೆಗಲ್ಲ. ಹೊಟ್ಟೆ ಹಿಂದಕ್ಕೆ ಬರೀ ಚಾಚಿಕೊಂಡಿರುತ್ತದೆ. ಅವನು ಒಂದು ಮಾತೂ ಆಡದೆ ಎರಡೂ ರೆಕ್ಕೆಯನ್ನು 3ರ ನಡುವಿನ ಕೊಂಕಿನಲ್ಲಿ ಕತ್ತರಿಸಿ ನಾಲ್ಕು ಮಾಡಿದ. ಮುಂದಿನದನ್ನು ಹಿಂದಿನದರ ಮೇಲೆ ಸ್ವಲ್ಪ ಬರುವ ಹಾಗೆ ಮತ್ತೆ ಅಂಟಿಸಿದ. ಕಡ್ಡಿಯ ಬಾಲ ಹಿಂದೆ ಚಾಚಿಕೊಂಡಿತು. ಫೆವಿಕಾಲ್ ಮೊಣಕೈವರೆಗೂ ಬಂದಿತ್ತು. ಆ ದಿನದ ಟೇಬಲ್ಲಿನಲ್ಲಿ ಸರಿಯಾದ ಚಿಟ್ಟೆ ಅಂದರೆ ಅದೊಂದೇ. ಅದನ್ನು ಅವನು ಅಕ್ಕನ ಕೈಗೂ ಕೊಡಲಿಲ್ಲ. ಲಿಫ್ಟಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಹೋದ.

ಬಣ್ಣದ ಚಿಟ್ಟೆಗೂ ಇದೇ ಮಡಿಕೆ ಸಾಕು. ಹಾಳೆಯನ್ನು ಮಡಿಚಿ ಬಿಡಿಸಿ, ಒಂದೇ ಕಡೆ ಪೋಸ್ಟರ್ ಕಲರನ್ನು ಗಟ್ಟಿಯಾಗಿ ಹಾಕಬೇಕು. ಮತ್ತೆ ಮಡಿಚಿ ಅಂಗೈಯಲ್ಲಿ ಉಜ್ಜಬೇಕು. ಬಿಡಿಸುವ ಕ್ಷಣ ಇದೆಯಲ್ಲ, ಅದಕ್ಕೆ ಸಮನಾದದ್ದು ಯಾವ ಕಿಟ್ಟಿನಲ್ಲೂ ಇಲ್ಲ. ತಾನು ಬಣ್ಣ ಹಾಕದ ಕಡೆಯೂ ಬಣ್ಣ ಬಂದಿದೆ! ಹಳದಿ ಮತ್ತು ನೀಲಿ ಸೇರಿದ ಕಡೆ ಹಸಿರು, ಯಾರೂ ಹಾಕದ ಹಸಿರು. ಮಕ್ಕಳು ಇದನ್ನು ಒಂದು ಸಲ ಮಾಡಿ ನಿಲ್ಲಿಸುವುದಿಲ್ಲ. ಹಾಳೆ ಮುಗಿಯುವವರೆಗೂ ಮಾಡುತ್ತಾರೆ. ಬಣ್ಣಕ್ಕೆ ನೀರು ಜಾಸ್ತಿ ಬೆರೆಸಿದರೆ ಎಲ್ಲ ಹರಿದು ಕೆಸರಾಗುತ್ತದೆ, ಅದೊಂದು ನೋಡಿಕೊಂಡರೆ ಸಾಕು. ಶಾಲೆಯಲ್ಲಿ ನಾವು ಹಳೇ ಲಗ್ನಪತ್ರಿಕೆಗಳನ್ನು ಕೂಡಿಡುತ್ತಿದ್ದೆವು. ಮದುವೆ ಸೀಸನ್ ಮುಗಿದ ಮೇಲೆ ಊರಿನ ಪ್ರತಿ ಮನೆಯಲ್ಲೂ ಒಂದು ಕಟ್ಟು ಸಿಗುತ್ತಿತ್ತು. ದಪ್ಪ ಕಾಗದ, ಮೊದಲೇ ಮಡಿಚಿರುತ್ತದೆ, ಹಿಂಬದಿ ಖಾಲಿ. ಆದರೆ ಮಿಂಚುವ ಪ್ಲಾಸ್ಟಿಕ್ ಹೊದಿಕೆಯ ಪತ್ರಿಕೆಗೆ ಬಣ್ಣ ಹಿಡಿಯುವುದಿಲ್ಲ. ಈಗಿನವು ಹೆಚ್ಚಿನವು ಹಾಗೇ ಇವೆ. ಮದುವೆ ಕರೆಯೋಲೆ ವಾಟ್ಸಾಪಿಗೆ ಹೋದ ಮೇಲೆ ಅದಕ್ಕೂ ಬರ.

ಟಿಶ್ಯೂ ಪೇಪರಿನ ಚಿಟ್ಟೆಯೂ ಒಂದಿದೆ. ಸ್ಕೆಚ್ ಪೆನ್ನಿನಲ್ಲಿ ಗೀಚಿ, ಮೇಲೆ ನಾಲ್ಕು ಹನಿ ನೀರು ಬಿಟ್ಟು, ಒಣಗಿದ ಮೇಲೆ ಮಧ್ಯದಲ್ಲಿ ಒತ್ತಿ ಬಟ್ಟೆ ಕ್ಲಿಪ್ ಹಾಕುವುದು. ಇದರಲ್ಲಿ ನನಗಿಷ್ಟ ಕಪ್ಪು ಪೆನ್ನು. ಎಷ್ಟೋ ಕಪ್ಪು ಪೆನ್ನುಗಳ ಶಾಯಿ ಹಲವು ಬಣ್ಣ ಬೆರೆಸಿ ಮಾಡಿದ್ದು. ನೀರಿನ ಜೊತೆ ಒಂದು ಬೇಗ ಓಡುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಕಪ್ಪು ಗೆರೆಯ ಅಂಚಿನಿಂದ ನೀಲಿ, ನೇರಳೆ ಹೊರಗೆ ಬರುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲಿ ಬರೆದರೆ ಅದು ನೀರಿಗೆ ಜಗ್ಗುವುದಿಲ್ಲ, ಮಕ್ಕಳು ಸಪ್ಪೆ ಮುಖ ಮಾಡುತ್ತಾರೆ.

ಕರಿಬೇವಿನ ಗಿಡದಿಂದ ಬಂದವನು

ಚಿಟ್ಟೆ ಥೀಮ್ ಅನ್ನುವ ಪಾರ್ಟಿಗಳಲ್ಲಿ ನನಗೆ ಯಾವತ್ತೂ ಕಾಣದಿರುವುದು ಹುಳು. ರೆಕ್ಕೆ ಎಲ್ಲ ಕಡೆ ಇದೆ, ಹುಳು ಎಲ್ಲೂ ಇಲ್ಲ. ಒಬ್ಬರಿಗೆ ಹೇಳಿದ್ದಕ್ಕೆ 'ಅಯ್ಯೋ ಆಂಟಿ, ಬರ್ತ್‌ಡೇ ದಿನ ಹುಳ ಯಾಕೆ' ಅಂದರು. ಯಾಕೆ ಅಂತ ಹೇಳಬೇಕಾದರೆ ನನ್ನ ಶಾಲೆಯ ಒಂದು ಬೆಳಿಗ್ಗೆಯ ಬಗ್ಗೆ ಹೇಳಬೇಕು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆ ಹಿಂದೆ ಕರಿಬೇವಿನ ಗಿಡ ಇತ್ತು. ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆ ಇಡುತ್ತದೆ. ಚಿಕ್ಕ ಹುಳು ನೋಡಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತಲೇ ಅನಿಸಬೇಕು. ಹಕ್ಕಿಯೂ ಹಾಗೇ ಅಂದುಕೊಂಡು ಬಿಟ್ಟುಬಿಡಲಿ ಅಂತ ಆ ವೇಷ. ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕೆಂಪು ಕೊಂಬು ಹೊರಗೆ ತಳ್ಳುತ್ತದೆ, ಘಾಟು ವಾಸನೆ ಬಿಡುತ್ತದೆ. ನಮ್ಮ ಹುಡುಗರಿಗೆ ಅದೊಂದು ಆಟವಾಗಿ ಹೋಗಿತ್ತು. ಪಾಪ, ದಿನಾ ಎಷ್ಟು ಸಲ ಕೊಂಬು ತೆಗೆಯಬೇಕು ಅದು. ಕೊನೆಗೆ ಒಂದು ಹುಳುವನ್ನು ಕೊಂಬೆಯ ಸಮೇತ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೆ ಸೊಳ್ಳೆಪರದೆ ಬಟ್ಟೆ ಕಟ್ಟಿ ತರಗತಿಗೆ ತಂದೆ. ದಿನಾ ಹೊಸ ಎಲೆ ಹಾಕುವ ಪಾಳಿ ಮಕ್ಕಳದ್ದೇ. ಒಂದು ದಿನ ಅದು ತಿನ್ನುವುದು ಬಿಟ್ಟಿತು. ಕಡ್ಡಿಗೆ ಬಾಲ ಅಂಟಿಸಿ, ಬೆನ್ನಿಗೆ ಒಂದು ನೂಲಿನ ಪಟ್ಟಿ ಸುತ್ತಿಕೊಂಡು ವಾಲಿ ನಿಂತಿತು. ಮಾರನೇ ದಿನ ನೋಡಿದರೆ ಹಸಿರು ಕೋಶ. ಆಮೇಲೆ ಸುಮಾರು ಹತ್ತು ಹನ್ನೆರಡು ದಿನ ಏನೂ ಇಲ್ಲ. ಏನೂ ಇಲ್ಲದ ಆ ದಿನಗಳಲ್ಲಿ ಮಕ್ಕಳು ದಿನಾ ಬಂದು ಡಬ್ಬಿ ನೋಡಿಯೇ ಕೂರುತ್ತಿದ್ದರು.

ಕೋಶ ಕಪ್ಪಾಗಿ, ಒಳಗಿನ ರೆಕ್ಕೆಯ ಬಿಳಿ ಚುಕ್ಕೆ ಸಾಲು ಹೊರಗೇ ಕಾಣತೊಡಗಿದ ಮಾರನೇ ಬೆಳಿಗ್ಗೆ, ಪ್ರಾರ್ಥನೆ ಮುಗಿಸಿ ಒಳಗೆ ಬಂದಾಗ ಅದು ಒಡೆಯುತ್ತಿತ್ತು. ನಲಿಕಲಿ ಗುಂಪುಗಳನ್ನೆಲ್ಲ ಮರೆತು ಮೂವತ್ತು ತಲೆ ಒಂದು ಡಬ್ಬಿಯ ಸುತ್ತ. ಹೊರಗೆ ಬಂದದ್ದು ಚಿಟ್ಟೆ ಅಂತ ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ದಪ್ಪ ಹೊಟ್ಟೆ, ಒದ್ದೆ ಕರ್ಚೀಫಿನ ಹಾಗೆ ಮುದುಡಿದ ನಾಲ್ಕು ಚೂರು. ಒಬ್ಬಳು 'ಮಿಸ್, ಇದು ಕೆಟ್ಟೋಗಿದೆ' ಅಂದಳು. ಅದು ಕಡ್ಡಿ ಹತ್ತಿ ರೆಕ್ಕೆ ಕೆಳಗೆ ಬಿಟ್ಟು ನೇತಾಡಿತು. ಹೊಟ್ಟೆಯಲ್ಲಿದ್ದ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತಾ ಹೋದ ಹಾಗೆ ಸುಕ್ಕು ಬಿಡಿಸಿಕೊಳ್ಳುತ್ತಾ ಬಂತು. ಕೆಂಪು ಕಂದು ಬಣ್ಣದ ಒಂದು ಹನಿ ಡಬ್ಬಿಗೆ ಬಿತ್ತು. ರಕ್ತ ಅಂತ ಇಬ್ಬರು ಅಳುವುದಕ್ಕೇ ಶುರು ಮಾಡಿದರು. ರಕ್ತ ಅಲ್ಲ, ಕೋಶದೊಳಗೆ ಇದ್ದಷ್ಟು ದಿನದ ಕಸ ಅದು, ಎಲ್ಲ ಚಿಟ್ಟೆಯೂ ಹಾಗೇ ಹೊರಗೆ ಹಾಕುತ್ತದೆ ಅಂತ ಸಮಾಧಾನ ಮಾಡಿದೆ. ರೆಕ್ಕೆ ಪೂರ್ತಿ ಹರಡಿದ ಮೇಲೂ ಅದು ಹಾರಲಿಲ್ಲ. ಒಣಗಿ ಗಟ್ಟಿಯಾಗಬೇಕಲ್ಲ. ಬಿಸಿಯೂಟದ ಹೊತ್ತಿಗೆ ಕಿಟಕಿಯಿಂದ ಆಚೆ ಹೋಯಿತು. ಅವತ್ತು ಗಣಿತ ಆಗಲಿಲ್ಲ.

ಮಧ್ಯಾಹ್ನ ಲಗ್ನಪತ್ರಿಕೆ ಕೊಟ್ಟು ಚಿಟ್ಟೆ ಮಾಡಿ ಅಂದೆ. ಕೆಲವರು ಎಂದಿನ ಹಾಗೇ ಮಾಡಿದರು, ಹೂವು ಸೂರ್ಯ ಎಲ್ಲ ಸೇರಿಸಿ. ಒಬ್ಬ ಹುಡುಗ ಚೆನ್ನಾಗಿ ಕತ್ತರಿಸಿ, ಬಣ್ಣ ಹಾಕಿ, ಒಣಗಿದ ಮೇಲೆ ಎರಡೂ ಕೈಯಲ್ಲಿ ಕಾಗದವನ್ನು ಗಟ್ಟಿಯಾಗಿ ಮುದ್ದೆ ಮಾಡಿಬಿಟ್ಟ. ಸಿಟ್ಟು ಬಂತೇನೋ ಅಂದುಕೊಂಡು ಹತ್ತಿರ ಹೋದೆ. ಅವನು ಮುದ್ದೆಯನ್ನು ಅರ್ಧ ಬಿಡಿಸಿ ದಾರಕ್ಕೆ ಕಟ್ಟುತ್ತಾ, 'ಈಗ ತಾನೇ ಹುಟ್ಟೈತೆ ಮಿಸ್, ಮುಟ್ಟಬ್ಯಾಡಿ' ಅಂದ. ಚಪ್ಪರದಲ್ಲಿ ನೆಟ್ಟಗಿನ ಚಿಟ್ಟೆಗಳ ನಡುವೆ ಅದು ತಿಂಗಳುಗಟ್ಟಲೆ ನೇತಾಡಿತು. ತಪಾಸಣೆಗೆ ಬಂದ ಸಾಹೇಬರೊಬ್ಬರು 'ಇದೇನ್ರೀ, ಹರಿದದ್ದನ್ನೆಲ್ಲ ನೇತು ಹಾಕಿದೀರಿ' ಅಂತ ಕೇಳಿದ್ದೂ ಉಂಟು. ಇಡೀ ತರಗತಿ ಒಟ್ಟಿಗೇ ಉತ್ತರ ಕೊಟ್ಟಿತು. ನಾನು ಬಾಯಿ ಬಿಡಬೇಕಾಗಲಿಲ್ಲ.

ಆ ಮುದ್ದೆ ಚಿಟ್ಟೆಯನ್ನು ನಮ್ಮ ಕ್ಲಬ್ ಹಾಲ್ ಟೇಬಲ್ಲಿನ ಮೇಲೆ ಯಾವುದಾದರೂ ಮಗು ಮಾಡಿದ್ದರೆ, ಅದರ ಅಮ್ಮ ಅದನ್ನು ಕೈಯಿಂದ ಕಿತ್ತುಕೊಂಡು ಹೊಸದು ಕೊಡುತ್ತಿದ್ದಳು. ಪ್ರೀತಿಯಿಂದಲೇ. ನನ್ನ ತಕರಾರು ಇರುವುದು ಇಲ್ಲೇ. ಚಿಟ್ಟೆ ಚೆಂದ ಕಾಣಬೇಕು ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಆಮೇಲೆ ಮಗುವಿಗೆ ಮಾಡಲು ಉಳಿಯುವುದು ಏನು?

ಹೊಳಪಿನ ಪುಡಿ, ಮತ್ತೆ ಒಂದೆರಡು ಮಾತು

ಗ್ಲಿಟರ್ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟು. ಬಣ್ಣ ತೊಳೆದರೆ ಹೋಗುತ್ತದೆ, ಗ್ಲಿಟರ್ ದೀಪಾವಳಿಗೆ ಚೆಲ್ಲಿದ್ದು ಯುಗಾದಿಗೆ ಹೆಸರುಬೇಳೆ ಡಬ್ಬಿಯಲ್ಲಿ ಸಿಗುತ್ತದೆ. ಅದು ಪ್ಲಾಸ್ಟಿಕ್ಕಿನ ಪುಡಿ ತಾನೇ? ಯುರೋಪಿಯನ್ ಯೂನಿಯನ್‌ನವರು 2023ರ ಅಕ್ಟೋಬರಿನಿಂದ ಪ್ಲಾಸ್ಟಿಕ್ಕಿನ ಬಿಡಿ ಗ್ಲಿಟರ್ ಮಾರುವುದನ್ನೇ ನಿಲ್ಲಿಸಿದರು. ನಮ್ಮಲ್ಲಿ 2022ರ ಜುಲೈ 1ರಿಂದ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರಕ್ಕೆ ಬಳಸುವ ಥರ್ಮಕೋಲ್ ಎರಡಕ್ಕೂ ನಿಷೇಧ ಇದೆ. ಆದರೂ ಮೊನ್ನೆ ಮೊನ್ನೆ ಆಳೆತ್ತರದ ಥರ್ಮಕೋಲ್ ಚಿಟ್ಟೆಯೊಂದು ನಮ್ಮ ಗೇಟಿನಿಂದ ಆಟೋದಲ್ಲಿ ಬಂದು ಇಳಿಯಿತು. ಯಾರನ್ನು ಅನ್ನೋಣ.

ಮಕ್ಕಳು ಹೊಳಪು ಕೇಳುವುದು ತಪ್ಪಲ್ಲ. ಚಿಟ್ಟೆ ಹೊಳೆಯುತ್ತದಲ್ಲ. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ ನೋಡಿದ್ದೀರಿ, ಅದು ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿದ ಪುಟ್ಟ ಹುರುಪೆಗಳು. ರೆಕ್ಕೆಯ ಬಣ್ಣವೆಲ್ಲ ಅವುಗಳಲ್ಲೇ. ಕೆಲವು ಚಿಟ್ಟೆಗಳ ಮಿರಮಿರ ನೀಲಿಗೆ ಬಣ್ಣವೇ ಕಾರಣ ಅಲ್ಲ, ಹುರುಪೆಯ ಮೇಲಿನ ಸಣ್ಣ ಸಣ್ಣ ಗೆರೆಗಳು ಬೆಳಕನ್ನು ಆಡಿಸುವ ರೀತಿ ಹಾಗೆ. ಗ್ಲಿಟರ್ ಬದಲು ನಾನು ಕೊಡುವುದು ಬರ್ತ್‌ಡೇ ಕೇಕಿನಿಂದ ತೆಗೆದ ಮೇಣದಬತ್ತಿ ತುಂಡು. ಬಿಳಿ ಹಾಳೆಯ ಮೇಲೆ ಬಿಳಿ ಮೇಣದಲ್ಲಿ ಒತ್ತಿ ಗೀಚಿದರೆ ಏನೂ ಕಾಣುವುದಿಲ್ಲ. ಮೇಲೆ ತೆಳು ಬಣ್ಣ ಬಳಿದರೆ ಮೇಣ ಇದ್ದ ಕಡೆ ಹತ್ತುವುದಿಲ್ಲ, ಗೀಚಿದ್ದೆಲ್ಲ ಎದ್ದು ಬರುತ್ತದೆ. ಗ್ಲಿಟರ್ ಕೇಳಿದ ಮಗು ಆಮೇಲೆ ಆ ವಿಷಯ ಎತ್ತುವುದಿಲ್ಲ.

ಅಳತೆಯ ಆಟವೂ ಇದೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಅಂತ 2016ರಲ್ಲಿ ಘೋಷಣೆಯಾಯಿತು, ಪಶ್ಚಿಮ ಘಟ್ಟದ ಕಪ್ಪು ಹಳದಿ ಚಿಟ್ಟೆ. ದೊಡ್ಡದೊಂದು ರೆಕ್ಕೆ ಬಿಡಿಸಿದರೆ 19 ಸೆಂಟಿಮೀಟರ್‌ವರೆಗೂ ಬರುತ್ತದೆ. ಎ4 ಹಾಳೆಯ ಅಗಲ 21. ಅಂದರೆ ಹಾಳೆಯ ಅಗಲಕ್ಕೂ ಹರಡಿದ ಚಿಟ್ಟೆ. 'ಇಷ್ಟು ದೊಡ್ಡದು ನಿಜವಾಗ್ಲೂ ಇದ್ಯಾ' ಅಂತ ಕೇಳದ ಮಗು ಇಲ್ಲ. ಪಕ್ಕದಲ್ಲೇ ಹುಲ್ಲಿನ ಮೇಲೆ ಹಾರುವ ಗ್ರಾಸ್ ಜ್ಯೂಯಲ್ ಕತ್ತರಿಸಲು ಹೇಳುತ್ತೇನೆ, ಹೆಬ್ಬೆರಳಿನ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲ. ಅದನ್ನು ಕತ್ತರಿಸಿ, ಕಳೆದುಕೊಂಡು, ಎಲ್ಲರೂ ಟೇಬಲ್ ಕೆಳಗೆ ಹುಡುಕುವುದು ಆ ಆಟದ ಭಾಗವೇ ಆಗಿಹೋಗಿದೆ.

ಕಾಗದವೇ ಬೇಡ ಅನ್ನುವವರು ಮಂದಾರದ ಮರ ಹುಡುಕಿ. ಬೆಂಗಳೂರಿನ ರಸ್ತೆ ಬದಿಯಲ್ಲಿ ಬೇಕಾದಷ್ಟಿವೆ. ಅದರ ಎಲೆ ಹುಟ್ಟುವುದೇ ಎರಡು ಹೋಳಾಗಿ. ಮಧ್ಯದ ನರದ ಮೇಲೆ ಒಂದು ಕಡ್ಡಿ ಅಂಟಿಸಿ, ಹುಲ್ಲಿನ ಎರಡು ಎಳೆ ಮೀಸೆ ಇಟ್ಟರೆ ಮುಗಿಯಿತು. ಮೀಸೆಯ ತುದಿಗೆ ಒಂದೊಂದು ಸಾಸಿವೆ ಕಾಳು ಅಂಟಿಸಿದರೆ ಇನ್ನೂ ಸರಿ. ಚಿಟ್ಟೆಯ ಮೀಸೆ ತುದಿಯಲ್ಲಿ ಗುಂಡಗಿರುತ್ತದೆ, ಪತಂಗಕ್ಕೆ ಹಾಗಿರುವುದು ಅಪರೂಪ.

ಹೋದ ತಿಂಗಳ ಪಾರ್ಟಿ

ಐದನೇ ಮಹಡಿಯ ಹುಡುಗಿಗೆ ಏಳು ತುಂಬಿದಾಗ ಅವಳಮ್ಮ ಕಿಟ್ ತರಿಸುವ ಮೊದಲೇ ನನ್ನನ್ನು ಕೇಳಿದರು. ನಾನೂ ಬಿಡಲಿಲ್ಲ. ಮೊಟ್ಟೆ ಟ್ರೇ ಕೂಡಿಟ್ಟು, ಸಾಲುಸಾಲಾಗಿ ಕತ್ತರಿಸಿ ಹುಳುಗಳಿಗೆ ರೆಡಿ ಮಾಡಿದೆ. ಒಂದು ಸಾಲಿನ ಆರು ಗುಳಿ ಮಗುಚಿ ಹಾಕಿದರೆ ಹುಳುವಿನ ಮೈ. ಬಣ್ಣ ಅವರಿಷ್ಟ. ಹಕ್ಕಿ ಹಿಕ್ಕೆಯ ಕಥೆ ಹೇಳಿದ್ದೇ ತಡ, ಅರ್ಧ ಮಕ್ಕಳು ಬಿಳಿ ಕಂದು ಬಣ್ಣವನ್ನೇ ಎತ್ತಿಕೊಂಡರು. ಏಳು ವರ್ಷದವರಿಗೆ ಹಿಕ್ಕೆಗಿಂತ ದೊಡ್ಡ ಜೋಕು ಇಲ್ಲ. ಅದಾದ ಮೇಲೆ ಕೋಶದ ಆಟ. ಹಳೇ ಕಾಟನ್ ಸೀರೆಯಲ್ಲಿ ಒಬ್ಬರನ್ನು ಭುಜದಿಂದ ಕಾಲಿನವರೆಗೆ ಸುತ್ತುವುದು, ಉಳಿದವರು ಹತ್ತರವರೆಗೆ ಎಣಿಸುವುದು, ಒಳಗಿದ್ದವರು ಬಿಡಿಸಿಕೊಂಡು ಹಾರುವುದು. ಒಬ್ಬ ಬಿಡಿಸಿಕೊಳ್ಳುವ ಮೊದಲೇ ಹಾರಲು ಹೋಗಿ ಬಿದ್ದ. ಹಾಲ್‌ನ ಗಲಾಟೆಗೆ ಸೆಕ್ಯೂರಿಟಿಯವರು ಬಂದು ಇಣುಕಿ ಹೋದರು.

ಎಲ್ಲ ಸುಸೂತ್ರ ಆಯಿತು ಅಂತೇನಿಲ್ಲ. ಹೊಸ ಲೆಹೆಂಗಾದ ಮೇಲೆ ಹಸಿರು ಬಣ್ಣ ಬಿದ್ದು ಒಬ್ಬರ ಮುಖ ಬಾಡಿತು. ಫೋಟೋಗ್ರಾಫರ್ ಹುಡುಗ ಚಿಟ್ಟೆ ಮೂಲೆಯನ್ನು ಬಿಟ್ಟು ಉಳಿದದ್ದೆಲ್ಲ ತೆಗೆದ. ಟಿಶ್ಯೂ ಚಿಟ್ಟೆಗಳು ಒಣಗಿರಲಿಲ್ಲ, ಸುಮಾರು ಟೇಬಲ್ ಮೇಲೇ ಉಳಿದವು. ಬಣ್ಣ ಒತ್ತಿದ ಹಾಳೆಗಳಲ್ಲಿ ಅರ್ಧ ಹೋದವು, ಅರ್ಧ ಇದ್ದವು. ಮೊಟ್ಟೆ ಟ್ರೇ ಹುಳು ಮಾತ್ರ ಒಂದೂ ಉಳಿಯಲಿಲ್ಲ. ಮರುದಿನ ಲಿಫ್ಟಿನಲ್ಲಿ ಒಬ್ಬ ಹುಡುಗ ಸಿಕ್ಕಿ, ತನ್ನ ಹುಳಕ್ಕೆ ಈಗ ಹೆಸರಿದೆ, ಅದು ಅಡುಗೆಮನೆ ಬಾಲ್ಕನಿಯ ಕರಿಬೇವಿನ ಪಾಟಿನಲ್ಲಿ ಇದೆ ಅಂತ ವರದಿ ಕೊಟ್ಟ. ಅದಕ್ಕೆ ರೆಕ್ಕೆ ಯಾವಾಗ ಬರುತ್ತೆ ಅಂತ ಕೇಳಿದೆ. 'ಇನ್ನೂ ಊಟ ಮಾಡ್ತಿದೆ ಅಜ್ಜಿ' ಅಂದ.

ಐದನೇ ಮಹಡಿಯವರಿಗೆ ಇನ್ನೊಬ್ಬ ಮಗ, ಡಿಸೆಂಬರಿನಲ್ಲಿ ಐದು ತುಂಬುತ್ತದೆ. ಡೈನೋಸಾರ್ ಥೀಮ್ ಅಂತೆ. ಕಿಟ್ ತರಿಸಬೇಕಾ ಬೇಡವಾ ಅಂತ ಫೋನ್ ಮಾಡಿದ್ದರು. ಡೈನೋಸಾರೂ ಮೊಟ್ಟೆಯಿಂದಲೇ ಅಲ್ವಾ ಬರೋದು, ಟ್ರೇ ಬಿಸಾಡಬೇಡಿ ಅಂದೆ.